ಸಂಜೆ ಎಲ್‌ಎಲ್‌ಬಿ ಸೇರೋ ಮುಂಚೆ ಹಾಜರಿ ಪುಸ್ತಕ ತೋರಿಸಿ ಅನ್ನಿ

ಕೆಲಸದ ಜೊತೆಗೆ ಕಾನೂನು ಓದೋಣ ಅಂತ ಸಂಜೆ ಕಾಲೇಜು ಹುಡುಕ್ತಿದ್ದೀರಾ? ನಾನೂ ಹಾಗೇ ಹುಡುಕಿ ಒಂದೂವರೆ ವರ್ಷ ಕಳ್ಕೊಂಡೆ.

ಸಣ್ಣ ಖಾಸಗಿ ಕಾಲೇಜು, ಹೆಸರು ಬೇಡ. ವಾರಕ್ಕೆ ಮೂರು ದಿನ, ಆರೂವರೆಯಿಂದ ಎಂಟೂವರೆ. ಪಾಠ ಚೆನ್ನಾಗಿರಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಕರಾರು ಕಾಯ್ದೆ ಹೇಳ್ತಿದ್ದ ಮೇಷ್ಟ್ರು ದಿನವೆಲ್ಲ ಕೋರ್ಟಲ್ಲಿ ನಿಂತು ಬಂದಿದ್ರೂ ತೂಕಡಿಸೋರನ್ನ ನಗಿಸಿ ಎಬ್ಬಿಸ್ತಿದ್ರು. ಬಹುಶಃ ಅದಕ್ಕೇ ನನಗೆ ಅನುಮಾನ ಬರೋದು ತಡವಾಯ್ತು.

ಮೂರನೇ ಸೆಮಿಸ್ಟರ್‌ ಪರೀಕ್ಷೆ ಅರ್ಜಿ ತುಂಬೋವಾಗ ಗುಮಾಸ್ತರು ಹಾಜರಾತಿ ಪಟ್ಟಿ ಮುಂದಿಟ್ಟು ಸಹಿ ಮಾಡಿ ಅಂದ್ರು. ಆವತ್ತು ಯಾಕೋ ಓದಿದೆ. ತರಗತಿ ಸಮಯ ಬೆಳಿಗ್ಗೆ ಹತ್ತೂವರೆಯಿಂದ ನಾಲ್ಕು! ನನ್ನ ಹಾಜರಿ ಶೇ 82. ಆ ಹೊತ್ತಲ್ಲಿ ನಾನು ಆಫೀಸಲ್ಲಿ ಬೆರಳೊತ್ತಿ ಕೂತಿರ್ತೀನಿ. ಅಂದ್ರೆ ಒಬ್ಬನೇ ಮನುಷ್ಯ, ಒಂದೇ ಹೊತ್ತಿಗೆ, ಎರಡು ಕಡೆ ಹಾಜರ್‌. ಕೇಳಿದ್ರೆ ‘ಎಲ್ಲರದ್ದೂ ಹಂಗೇ ಸಾರ್, ನೀವ್ ಹಾಕಿ’ ಅಂದ್ರು.

ಮನೆಗೆ ಬಂದು, ವಕೀಲರಿಗೂ ಕಾನೂನು ಕಾಲೇಜುಗಳಿಗೂ ನಿಯಮ ಮಾಡೋ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮ ತೆಗೆದೆ. ಸೇರೋ ಮುಂಚೆ ಓದ್ಬೇಕಿತ್ತು, ಓದ್ಲಿಲ್ಲ. ತರಗತಿ ನಡೆಸೋಕೆ ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ಅವಕಾಶ. ರಾತ್ರಿ 10ರವರೆಗೆ ತೆರೆದಿರಬಹುದಾದ್ದು ಲೈಬ್ರರಿ. ವಾರಕ್ಕೆ ಕನಿಷ್ಠ 30 ಗಂಟೆ ತರಗತಿ ಆಗ್ಬೇಕು. ನಮಗೆ ಆಗ್ತಿದ್ದದ್ದು ಆರು. ಪ್ರತಿ ವಿಷಯಕ್ಕೂ ಶೇ 70 ಹಾಜರಿ ಅಂತಿದೆ. ಸಂಜೆ ಕಾಲೇಜು ಅಂತ ಮಾರಿದ್ದೇ ಕಾಗದದ ಮೇಲಿರಲಿಲ್ಲ. ಇದ್ದದ್ದು ನಾವ್ಯಾರೂ ಹೋಗದ ಹಗಲು ಕಾಲೇಜು.

ಪ್ರಿನ್ಸಿಪಾಲರು ಗೋಡೆ ಮೇಲಿನ ಬಾರ್ ಕೌನ್ಸಿಲ್ ಮಾನ್ಯತೆ ಪತ್ರ ತೋರಿಸಿದ್ರು. ಅದರ ಅವಧಿ ಯಾವತ್ತೋ ಮುಗಿದಿತ್ತು. ‘ಯೂನಿವರ್ಸಿಟಿ ಸಂಯೋಜನೆ ಇದೆಯಲ್ಲ’ ಅಂದ್ರು. ಅದು ಬೇರೆ, ಬಾರ್ ಕೌನ್ಸಿಲ್ ಮಾನ್ಯತೆ ಬೇರೆ. ಎರಡೂ ಇರ್ಬೇಕು, ಅದೂ ನೀವು ಸೇರೋ ವರ್ಷಕ್ಕೆ. ಪತ್ರದಲ್ಲಿ ಇಸವಿ ನೋಡಿ.

‘ಯಾರೂ ಕೇಳಲ್ಲ ಬಿಡಿ’ ಅನ್ನೋ ಸೀನಿಯರ್‌ಗಳ ಮಾತು ನಂಬ್ಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಬಾರ್ ಕೌನ್ಸಿಲ್ ಸುತ್ತೋಲೆ ಹೊರಡಿಸಿದೆ: ಓದೋವಾಗ ಕೆಲಸದಲ್ಲಿದ್ರೆ ಘೋಷಿಸ್ಬೇಕು, ಮಾಲೀಕರ ನಿರಾಕ್ಷೇಪಣಾ ಪತ್ರ ಕೊಡ್ಬೇಕು, ಹಾಜರಾತಿ ನಿಯಮ ಪಾಲಿಸಿದ್ದೀನಿ ಅಂತ ಹೇಳ್ಬೇಕು. ಆಫೀಸಿನ ದಾಖಲೆ ಒಂದು ಕಡೆ, ಕಾಲೇಜಿನದು ಇನ್ನೊಂದು ಕಡೆ ಇಟ್ಕೊಂಡು ಯಾವ ಬಾಯಲ್ಲಿ ಹೇಳೋದು?

ಸೇರಲೇಬೇಕು ಅಂದ್ರೆ ವೇಳಾಪಟ್ಟಿ ಲಿಖಿತವಾಗಿ ಕೇಳಿ, ಹಳೇ ಹಾಜರಿ ಪುಸ್ತಕದ ಒಂದು ಪುಟ ತೋರಿಸಿ ಅನ್ನಿ. ಮುಖ ಗಂಟಿಕ್ಕಿದ್ರೆ ಎದ್ದು ಬನ್ನಿ. ಮೂಲ ಅಂಕಪಟ್ಟಿ ಮಾತ್ರ ಕೊಡ್ಲೇಬೇಡಿ. ನನ್ನದು ಬಿಡಿಸ್ಕೊಳ್ಳೋಕೆ ನಾಲ್ಕು ತಿಂಗಳು ಅಲೆದೆ. ಕಟ್ಟಿದ ಶುಲ್ಕ ವಾಪಸ್ ಬರ್ಲಿಲ್ಲ.

ಮೂರನೇ ಪಟ್ಟಿಗೆ ಸಹಿ ಹಾಕ್ಲಿಲ್ಲ. ಮೊದಲೆರಡು ಸೆಮಿಸ್ಟರ್‌ನವಕ್ಕೆ ನೋಡದೇ ಹಾಕಿದ್ದೆ. ಅವಿನ್ನೂ ಆ ಕಾಲೇಜಿನ ಬೀರುವಿನಲ್ಲೇ ಇವೆ.