ಕತ್ತಲು, ಮಂಜು ಮತ್ತು ಅಲುಗಾಡದ ಕುರ್ಚಿ: ತುಮಕೂರಿನ ಸಿಮ್ಯುಲೇಟರ್ ಕೇಂದ್ರದಲ್ಲಿ ಒಂದು ಗಂಟೆ

ಪೈಲಟ್ ಆಗಬೇಕೆಂಬ ಹಂಬಲವುಳ್ಳ ಮಗಳನ್ನು ತುಮಕೂರಿನ ವಿಮಾನ ಸಿಮ್ಯುಲೇಟರ್ (ನೆಲದ ಮೇಲೆಯೇ ಪರದೆಯ ಮುಂದೆ ಹಾರಾಟದ ಅಭ್ಯಾಸ ಕೊಡುವ ಯಂತ್ರ) ಕೇಂದ್ರವೊಂದಕ್ಕೆ ಕರೆದೊಯ್ದಿದ್ದೆ. ಹಗಲಿನ ಹಾರಾಟ ಚೆನ್ನಾಗಿದೆ. ಆದರೆ ಕೊಟ್ಟ ಹಣ ಸಾರ್ಥಕವೆನಿಸಿದ್ದು ರಾತ್ರಿ ಹಾರಾಟದ ಪಾಠದಲ್ಲಿ.

1999ರ ಜುಲೈ 16ರ ರಾತ್ರಿ ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ನಡೆಸುತ್ತಿದ್ದ ಪೈಪರ್ ಸರಟೋಗಾ ಎಂಬ ಪುಟ್ಟ ವಿಮಾನವು ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದು ಮೂವರು ಮೃತಪಟ್ಟ ಘಟನೆಯನ್ನು ಬೋಧಕರು ಮೊದಲು ವಿವರಿಸಿದರು. ಯಂತ್ರದಲ್ಲಿ ದೋಷ ಕಂಡುಬರಲಿಲ್ಲ. ಮಬ್ಬು ಕವಿದ ಕತ್ತಲೆಯಲ್ಲಿ, ಸಮುದ್ರದ ಮೇಲೆ ಹಾರುತ್ತಾ ಎತ್ತರ ತಗ್ಗಿಸುತ್ತಿದ್ದಾಗ, ವಿಮಾನ ನೇರವಾಗಿದೆಯೋ ವಾಲಿದೆಯೋ ಎಂಬ ಅರಿವನ್ನು ಪೈಲಟ್ ಕಳೆದುಕೊಂಡು ಹತೋಟಿ ತಪ್ಪಿದರೆಂಬುದು ತನಿಖೆಯ ತೀರ್ಮಾನ. ಉಪಕರಣಗಳನ್ನಷ್ಟೇ ನಂಬಿ ಹಾರುವ ಅರ್ಹತೆಯನ್ನು ಅವರು ಇನ್ನೂ ಪಡೆದಿರಲಿಲ್ಲ.

ಬಳಿಕ ಪರದೆ ಕಪ್ಪಾಯಿತು. ಮಗಳು ದೀಪಗಳಿಗಾಗಿ ಹೊರಗೆ ಹುಡುಕುತ್ತಿದ್ದಂತೆಯೇ ರೆಕ್ಕೆ ವಾಲಿ, ಎತ್ತರದ ಮಾಪಕದ ಮುಳ್ಳು ಸರಸರನೆ ಇಳಿಯಿತು. ನಂದಿಬೆಟ್ಟದ ಮುಂಜಾನೆಯ ಮಂಜಿನಲ್ಲಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಕಾದಿದ್ದ ನಮಗೆ, ಹಾಗೆ ನಿಲ್ಲುವ ಅವಕಾಶ ವಿಮಾನಕ್ಕಿಲ್ಲವೆಂಬುದು ಆಗ ಮನದಟ್ಟಾಯಿತು.

ಕೊರತೆಯೊಂದಿದೆ: ಕುರ್ಚಿ ಅಲುಗಾಡುವುದಿಲ್ಲ. ಒಂದೇ ವೇಗದ ತಿರುವು ಸುಮಾರು 20 ಸೆಕೆಂಡು ಮುಂದುವರಿದರೆ ತಿರುಗುವಿಕೆಯನ್ನು ಗ್ರಹಿಸುವ ಒಳಕಿವಿಯ ಅರೆವೃತ್ತ ನಾಳಗಳೊಳಗಿನ ದ್ರವವೂ ನಾಳದ ಜೊತೆಗೇ ಚಲಿಸತೊಡಗಿ, ವಿಮಾನ ನೇರವಾಗಿಯೇ ಹೋಗುತ್ತಿದೆಯೆಂದು ಮಿದುಳು ನಂಬುತ್ತದೆ. ನಿಶ್ಚಲ ಕುರ್ಚಿಯಲ್ಲಿ ಆ ಮಾರಕ ಭ್ರಮೆ ಹುಟ್ಟುವುದೇ ಇಲ್ಲ. ತಿರುಗುವ ಕುರ್ಚಿಯಲ್ಲಿ ಕಣ್ಣು ಕಟ್ಟಿ ಕೂರಿಸಿ ತಿರುಗಿಸಿದರೂ ಅದರ ರುಚಿ ಸಿಗುತ್ತದೆ ಎಂದೆ. ಬೋಧಕರು ಈ ಸಲಹೆಯನ್ನು ಗಮನವಿಟ್ಟು ಬರೆದುಕೊಂಡರು. ಮಕ್ಕಳನ್ನು ಕರೆದೊಯ್ಯುವವರು ರಾತ್ರಿಯ ಪಾಠವನ್ನೇ ಕೇಳಿ ಪಡೆಯಿರಿ.