ಟ್ರಂಪೆಟ್ಟೋ ಕಾರ್ನೆಟ್ಟೋ: ಎರಡನ್ನೂ ಊದಿ ನೋಡಿದ ಮೇಲೆ

ಹೊಸ ಟ್ರಂಪೆಟ್ ಒಂದನ್ನೂ ಬೇರೆಯವರು ಬಳಸಿದ್ದ ಕಾರ್ನೆಟ್ (ಟ್ರಂಪೆಟ್ಟನ್ನೇ ಹೋಲುವ ಹಿತ್ತಾಳೆಯ ಊದುವ ವಾದ್ಯ) ಒಂದನ್ನೂ ಕೊಂಡು, ಮಳೆಗಾಲವಿಡೀ ಮಡಿಕೇರಿಯ ಮನೆಯಲ್ಲಿ ಊದಿ ನೋಡಿದ ಮೇಲೆ ನಾನು ನನ್ನದೆಂದು ಒಪ್ಪಿಕೊಂಡ ದನಿ ಕಾರ್ನೆಟ್ಟಿನದು. ಎರಡರದೂ ಬಿ ಫ್ಲಾಟ್ ಶ್ರುತಿ, ಎರಡರ ಕೊಳವೆಯ ಉದ್ದವೂ ಸುಮಾರು 4.5 ಅಡಿ, ವ್ಯತ್ಯಾಸವಿರುವುದು ಕೊಳವೆಯ ಒಳಗೆ. ಟ್ರಂಪೆಟ್ಟಿನ ಕೊಳವೆ ಬಹುದೂರ ಒಂದೇ ಅಗಲದಲ್ಲಿ ಸಾಗುತ್ತದೆ, ಕಾರ್ನೆಟ್ಟಿನದು ಹೆಚ್ಚು ಭಾಗ ಸ್ವಲ್ಪಸ್ವಲ್ಪವೇ ಅಗಲವಾಗುತ್ತ ಹೋಗುತ್ತದೆ. ಹಾಗಾಗಿ ಮೊದಲನೆಯದರಲ್ಲಿ ಮೂಲ ಸ್ವರದ ಜೊತೆಗೇ ಹೊಮ್ಮುವ ಮೇಲಿನ ಉಪಸ್ವರಗಳು ಎದ್ದು ನಿಂತು ದನಿ ಹರಿತವಾಗುತ್ತದೆ, ಎರಡನೆಯದರಲ್ಲಿ ದುಂಡಗಾಗುತ್ತದೆ. ನಮ್ಮ ಕೊಂಬು ಕೂಡ ತುದಿಯಿಂದ ಬಾಯಿಯವರೆಗೆ ಅಗಲವಾಗುತ್ತಲೇ ಹೋಗುವ ವಾದ್ಯ. ಹಬ್ಬದ ದಿನಗಳಲ್ಲಿ ಅದನ್ನು ಕೇಳಿ ಬೆಳೆದ ಕಿವಿಗೆ ಕಾರ್ನೆಟ್ ಬೇಗ ಒಗ್ಗಿತೆಂದು ನನ್ನ ನಂಬಿಕೆ.

ಆದರೆ ಆ ಕಾರ್ನೆಟ್ ಆರಂಭದಲ್ಲಿ ನನ್ನನ್ನು ಬಹಳ ಕಾಡಿತು. ಮಾರಿದವರು ಅದರ ಜೊತೆ ಕಳಿಸಿದ್ದು ಟ್ರಂಪೆಟ್ಟಿನ ಮೌತ್‌ಪೀಸ್, ಅಂದರೆ ತುಟಿಗಿಟ್ಟು ಊದುವ ಬಿಡಿ ಭಾಗ. ಟ್ರಂಪೆಟ್ ಮೌತ್‌ಪೀಸಿನ ಕಾಂಡ, ಅಂದರೆ ವಾದ್ಯದೊಳಗೆ ಸಿಕ್ಕಿಸುವ ತುದಿ, ಕಾರ್ನೆಟ್ಟಿನದಕ್ಕಿಂತ ದಪ್ಪ. ಅದು ವಾದ್ಯದೊಳಗೆ ಒಂದಿಷ್ಟೇ ಇಳಿದು, ಉಳಿದದ್ದು ಹೊರಗೇ ನಿಲ್ಲುತ್ತದೆ. ಹೊರಗುಳಿದಷ್ಟೂ ಕೊಳವೆ ಉದ್ದವಾದಂತೆಯೇ ಆಗುವುದರಿಂದ ಶ್ರುತಿ ಕೆಳಗಿಳಿಯಿತು. ಶ್ರುತಿ ಸರಿಪಡಿಸುವ ಸ್ಲೈಡನ್ನು ಪೂರ್ತಿ ಒಳಗೆ ತಳ್ಳಿದರೂ ಹಾರ್ಮೋನಿಯಂ ಜೊತೆ ಕೂಡಲಿಲ್ಲ, ಮಧ್ಯಮ ಸ್ಥಾಯಿಯಲ್ಲಿ ಹೇಗೋ ಹೊಂದಿಸಿಕೊಂಡ ಸ್ವರ ಮೇಲಿನ ಸ್ಥಾಯಿಗೆ ಹೋದ ಕೂಡಲೇ ಜಾರುತ್ತಿತ್ತು.

ಕಾಂಡವನ್ನು ಉಜ್ಜಿ ಸಣ್ಣಗೆ ಮಾಡಿಕೊಡುವುದಾಗಿ ಒಬ್ಬರು ಹೇಳಿದರು, ನಾನು ಒಪ್ಪಲಿಲ್ಲ. ತುಟಿ ಇಡುವ ಬಟ್ಟಲು ಆಳವಾಗಿರುವ ಕಾರ್ನೆಟ್ ಮೌತ್‌ಪೀಸನ್ನೇ ತರಿಸಿ ಹಾಕಿದಾಗ ಅದು ಬೇಕಾದಷ್ಟು ಒಳಗಿಳಿದು, ಅಲುಗಾಡದೆ ಗಟ್ಟಿಯಾಗಿ ಕೂತಿತು; ಶ್ರುತಿ ನಿಂತದ್ದಷ್ಟೇ ಅಲ್ಲ, ಸ್ವರದ ಅಂಚಿನಲ್ಲಿದ್ದ ಗೊರಗೊರ ಹೋಗಿ, ವರ್ಷಗಳಿಂದ ಮನಸ್ಸಿನಲ್ಲಿ ಕೇಳುತ್ತಿದ್ದ ನಾದ ಕೊಠಡಿ ತುಂಬಿತು. ಬಳಸಿದ ಕಾರ್ನೆಟ್ ಕೊಳ್ಳುವವರು ಹಣ ಕೊಡುವ ಮೊದಲು ಜೊತೆಗೆ ಬರುವ ಮೌತ್‌ಪೀಸ್ ಕಾರ್ನೆಟ್ಟಿನದೇ ಎಂದು ಖಂಡಿತ ವಿಚಾರಿಸಬೇಕು.



ಮಡಿಕೇರಿ ದಸರಾ ಮೆರವಣಿಗೆಯ ದಶಮಂಟಪಗಳ ನಡುವೆ ನಡೆದು ಊದುವವರಿಗೆ ಟ್ರಂಪೆಟ್ಟೇ ಬೇಕು. ಆ ಗದ್ದಲದಲ್ಲಿ ಕಾರ್ನೆಟ್ ಎರಡನೇ ಸಾಲಿಗೂ ಕೇಳಿಸದು. ಇದೇ ಜಾತಿಯ ಫ್ಲೂಗಲ್‌ಹಾರ್ನ್ ಎಂಬ ವಾದ್ಯದ ದನಿ ಇನ್ನೂ ಮೃದು, ಆದರೆ ಬೆಲೆ ನನ್ನ ಕೈಗೆ ಎಟುಕಲಿಲ್ಲ. ನಾನು ಊದುವುದು ಮನೆಯಲ್ಲಿ, ಇಲ್ಲವೇ ಚರ್ಚಿನಲ್ಲಿ ಗಾಯಕವೃಂದದ ಪಕ್ಕ ನಿಂತು. ಅಲ್ಲಿ ಹಾಡುವವರ ದನಿಯನ್ನು ಮುಚ್ಚದ ವಾದ್ಯ ನನಗೆ ಮುಖ್ಯ. ಶೇಕಡಾ 70 ತಾಮ್ರದ ಹಳದಿ ಹಿತ್ತಾಳೆಯ ಬದಲು ಶೇಕಡಾ 85 ತಾಮ್ರದ ಗೋಲ್ಡ್ ಬ್ರಾಸ್ ಎಂಬ ಹಿತ್ತಾಳೆಯ ಬೆಲ್ (ಅರಳಿದ ಬಾಯಿ) ಇರುವ ವಾದ್ಯ ಕೊಳ್ಳಲು ಹಲವರು ಹೇಳುತ್ತಾರೆ. ನನ್ನ ಕಿವಿಗೆ ಅದಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಮೌತ್‌ಪೀಸಿನ ಆಳ. ಆದ್ದರಿಂದ ಟ್ರಂಪೆಟ್ಟನ್ನು ಮೆರವಣಿಗೆಗೆ ಹೋಗುವ ಗೆಳೆಯರೊಬ್ಬರಿಗೆ ಮಾರಿ, ಬಂದ ಹಣದಲ್ಲಿ ಇನ್ನೂ ಸ್ವಲ್ಪ ಆಳದ ಬಟ್ಟಲಿನ ಮತ್ತೊಂದು ಕಾರ್ನೆಟ್ ಮೌತ್‌ಪೀಸ್ ತರಿಸುತ್ತಿದ್ದೇನೆ.