ನದಿ ದಾಟಲು ಬಿಟಿಆರ್-80 ಬೇಕೋ, ಬಿಎಂಪಿ-2 ಬೇಕೋ?

ಸೈನಿಕರನ್ನು ಹೊತ್ತು ನೀರಿಗಿಳಿಯಲು ಎಂಟು ಚಕ್ರದ ಬಿಟಿಆರ್ ಒಳ್ಳೆಯದೋ, ಟ್ರ್ಯಾಕ್ (ಟ್ಯಾಂಕ್‌ಗಿರುವಂಥ ಸರಪಳಿ ಪಟ್ಟಿ) ಇರುವ ಬಿಎಂಪಿಯೋ ಎಂದು ಕೇಳಿದ್ದೀರಿ. ಎರಡೂ ಸೋವಿಯತ್ ಕಾಲದ ಕವಚ ವಾಹನಗಳು, ತೂಕ ತಲಾ ಸುಮಾರು 14 ಟನ್.

ನೀರಲ್ಲಿ ಬಿಟಿಆರ್‌ಗೆ ನನ್ನ ಓಟು. ಹಿಂಬದಿಯ ವಾಟರ್‌ಜೆಟ್ ನೀರನ್ನು ಚಿಮ್ಮಿ ಗಂಟೆಗೆ ಸುಮಾರು 9 ಕಿ.ಮೀ. ತಳ್ಳುತ್ತದೆ. ಬಿಎಂಪಿ ಟ್ರ್ಯಾಕ್ ತಿರುಗಿಸಿಯೇ ಈಜಬೇಕು, ಸುಮಾರು 7 ಕಿ.ಮೀ. ಅಷ್ಟೇ. ರಸ್ತೆಯಲ್ಲೂ ಗಂಟೆಗೆ ಬಿಟಿಆರ್ 80 ಕಿ.ಮೀ., ಬಿಎಂಪಿ 65. ಬಿಟಿಆರ್‌ನ ಚಾಲಕ ಕೂತಲ್ಲಿಂದಲೇ ಟೈರಿನ ಗಾಳಿ ಹೆಚ್ಚುಕಡಿಮೆ ಮಾಡಬಹುದು. ಒಂದು ಚಕ್ರ ಹೋದರೂ ಬಿಟಿಆರ್ ಓಡುತ್ತದೆ. ಟ್ರ್ಯಾಕ್ ಕಡಿದರೆ ಬಿಎಂಪಿ ಅಲ್ಲೇ ನಿಲ್ಲುತ್ತದೆ. ಆಳದ ಕೆಸರಿಗೆ ಮಾತ್ರ ಟ್ರ್ಯಾಕೇ ವಾಸಿ.

ಇಳಿಯುವುದೇ ನಿಜವಾದ ಪರೀಕ್ಷೆ. ಬಿಟಿಆರ್‌ನ ಎಂಜಿನ್ ಹಿಂದಿದೆ, ಹಾಗಾಗಿ ಬಾಗಿಲು ಪಕ್ಕದಲ್ಲಿ. ಕೆಳಗಿನ ಅರ್ಧ ಮಡಚಿಕೊಂಡು ಮೆಟ್ಟಿಲಾಗುತ್ತದೆ, ಮೇಲಿನದು ಮುಂದಕ್ಕೆ ತೆರೆಯುತ್ತದೆ. ಆದರೂ ಪಕ್ಕದಿಂದ ಗುಂಡು ಬಂದರೆ ಮರೆ ಕಮ್ಮಿ. ಬಿಎಂಪಿಯವರು ಹಿಂದಿನಿಂದ ಇಳಿಯುತ್ತಾರೆ, ಇಡೀ ಗಾಡಿಯೇ ಅಡ್ಡ. ಆದರೆ ಆ ಬಾಗಿಲುಗಳೊಳಗೇ ಇಂಧನದ ಟ್ಯಾಂಕ್ ಇದೆ, ಅದು ನನಗೆ ಭಯದ ವಿಷಯ.

ಬಂದೂಕು? ಬಿಟಿಆರ್‌ನ 14.5 ಮಿ.ಮೀ. ಮೆಷಿನ್‌ಗನ್ ಎದುರು ಬಿಎಂಪಿಗೆ 30 ಮಿ.ಮೀ. ತೋಪು, ಜೊತೆಗೆ ಟ್ಯಾಂಕ್ ಹೊಡೆಯುವ ಕ್ಷಿಪಣಿ.

ದೂರದ ಗಸ್ತು, ಬೆಂಗಾವಲು, ನದಿ ಜಾಸ್ತಿ ಇದ್ದರೆ ಬಿಟಿಆರ್ ತಗೊಳ್ಳಿ. ಟ್ಯಾಂಕ್‌ಗಳ ಜೊತೆ ಕೆಸರಲ್ಲಿ ಕಾದಾಡಬೇಕಾದರೆ ಬಿಎಂಪಿ.